ಗೋಧಿಯಲ್ಲಿ ಇಳುವರಿಗೆ ಮಾರ್ಕರ್ ಸಿಗುತ್ತಾ? ನನ್ನ ಡೇಟಾ ನೋಡಿ ಸ್ವಲ್ಪ ಹೇಳಿ

ಹಿಂಗಾರಿ_ತೆನೆ ಬರೆದದ್ದು:

ಎಲ್ಲರಿಗೂ ನಮಸ್ಕಾರ. ನಾನು ಸಸ್ಯ ತಳಿ ವಿಭಾಗದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಬೆಳೆ ಬ್ರೆಡ್ ಗೋಧಿ, ಅಂದರೆ ಚಪಾತಿ ಗೋಧಿ. ಒಂದು ಪೋಷಕ ತಳಿ ಗಿಡ್ಡ, ಕಾಳು ದಪ್ಪ. ಇನ್ನೊಂದು ಎತ್ತರ, ಕಾಳು ಸಣ್ಣ, ಆದರೆ ತೆನೆಗೆ ಕಾಳು ಜಾಸ್ತಿ. ಇವೆರಡರ ಸಂಕರದಿಂದ ಬಂದ 128 ಆರ್‌ಐಎಲ್ ಸಾಲುಗಳು (ಸಂಕರದ ಮಕ್ಕಳನ್ನು ಹಲವು ತಲೆಮಾರು ಬೆಳೆಸಿ ಸ್ಥಿರ ಮಾಡಿದ ಉಪತಳಿಗಳು) ನನ್ನ ಹತ್ತಿರ ಇವೆ. ಎರಡು ಹಿಂಗಾರಿನಲ್ಲಿ ಬಿತ್ತಿ ಎತ್ತರ, ಹೂ ಬಿಡುವ ದಿನ, ತೆಂಡೆ, ತೆನೆಗೆ ಎಷ್ಟು ಕಾಳು, ಸಾವಿರ ಕಾಳಿನ ತೂಕ, ಪ್ಲಾಟ್ ಇಳುವರಿ ಎಲ್ಲ ಅಳೆದಿದ್ದೇನೆ. ಮಾರ್ಕರ್, ಅಂದರೆ ಡಿಎನ್‌ಎ ಗುರುತಿನ ಕೆಲಸಕ್ಕೆ ಬಳಸಿದ್ದು ಎಸ್‌ಎಸ್‌ಆರ್ ಮತ್ತು ಸ್ವಲ್ಪ ಎಸ್‌ಎನ್‌ಪಿ ಅನ್ನುವ ಎರಡು ಬಗೆಯ ಗುರುತುಗಳು.

ಸಾವಿರ ಕಾಳಿನ ತೂಕಕ್ಕೆ 6ಎ ಕ್ರೋಮೋಸೋಮಿನಲ್ಲಿ ಒಳ್ಳೆ ಕ್ಯೂಟಿಎಲ್ (ಗುಣದ ಮೇಲೆ ಪ್ರಭಾವ ಬೀರುವ ಡಿಎನ್‌ಎ ಜಾಗ) ಬಂದಿದೆ, ಎರಡೂ ವರ್ಷ ಅದೇ ಜಾಗ. ಎತ್ತರಕ್ಕೆ 4ಬಿ ಮೇಲೆ ದೊಡ್ಡದೊಂದಿದೆ. ಆದರೆ ಇಳುವರಿಗೆ ಮೊದಲ ವರ್ಷ 4ಬಿ ಮೇಲೆ ಏನೋ ಕಂಡಿತು, ಎರಡನೇ ವರ್ಷ ಅದು ಮಾಯ. ಅದರ ಬದಲು 2ಡಿ ಮೇಲೆ ಬಂತು. ಮೊದಲ ವರ್ಷ ಸಮಯಕ್ಕೆ ಬಿತ್ತಿ ಪೂರ್ತಿ ನೀರು ಕೊಟ್ಟಿದ್ದೆವು. ಎರಡನೇ ವರ್ಷ ಬಿತ್ತನೆ ತಡವಾಯಿತು.

ಪ್ರಬಂಧದಲ್ಲಿ "ಇಳುವರಿಯ ಮಾರ್ಕರ್" ಒಂದಾದರೂ ಇರಬೇಕು ಅನ್ನುವ ಒತ್ತಡ ಇದೆ. 6ಎ ಮೇಲಿನದನ್ನೇ ಇಳುವರಿಯ ಮಾರ್ಕರ್ ಅಂತ ಬರೆಯಬಹುದಾ? ಅದು ಟಿಎ-ಜಿಡಬ್ಲ್ಯು2 ಜೀನ್ ಇರಬಹುದಾ?

ಕಾಳುತೂಕ ಬರೆದದ್ದು:

ಹಾಗೆ ಬರೆಯಬೇಡಮ್ಮ. ಸಾವಿರ ಕಾಳಿನ ತೂಕದ ಮಾರ್ಕರ್ ಅಂತಲೇ ಬರೆ. ಅದು ಕಡಿಮೆ ಸಾಧನೆಯಲ್ಲ.

ಇಳುವರಿ ಅನ್ನುವುದು ಒಂದು ಗುಣವಲ್ಲ. ಒಂದು ಚದರ ಮೀಟರಿನಲ್ಲಿ ಎಷ್ಟು ತೆನೆ, ಒಂದು ತೆನೆಯಲ್ಲಿ ಎಷ್ಟು ಕಾಳು, ಒಂದು ಕಾಳು ಎಷ್ಟು ತೂಕ, ಈ ಮೂರನ್ನು ಗುಣಿಸಿದರೆ ಬರುವ ಮೊತ್ತ. ಈ ಮೂರರಲ್ಲಿ ಒಂದನ್ನು ಎಳೆದರೆ ಇನ್ನೊಂದು ಕುಗ್ಗುತ್ತದೆ. ತೆನೆಯಲ್ಲಿ ಕಾಳು ಹೆಚ್ಚಾದರೆ ಕಾಳು ಸಣ್ಣದಾಗುತ್ತದೆ. ತೆಂಡೆ ಹೆಚ್ಚಾದರೆ ತೆನೆ ಗಿಡ್ಡವಾಗುತ್ತದೆ. ನಿನ್ನ ಪೋಷಕರೇ ಅದಕ್ಕೆ ಸಾಕ್ಷಿ, ಅಲ್ವಾ? ಒಂದರಲ್ಲಿ ಕಾಳು ದಪ್ಪ, ಇನ್ನೊಂದರಲ್ಲಿ ಕಾಳು ಜಾಸ್ತಿ. ಅವುಗಳ ಮಕ್ಕಳಲ್ಲಿ 6ಎ ಯಿಂದ ತೂಕ ಸಿಕ್ಕ ಸಾಲು ಬೇರೆ ಕಡೆ ಕಾಳಿನ ಸಂಖ್ಯೆ ಕಳೆದುಕೊಂಡಿರಬಹುದು. ಆಗ ಒಟ್ಟು ಇಳುವರಿಯಲ್ಲಿ ಏನೂ ಕಾಣುವುದಿಲ್ಲ.

ಈಗ 4ಬಿ ಮತ್ತು 2ಡಿ ವಿಷಯ. ಕುಣಿಯುತ್ತಿರುವುದು ಇಳುವರಿಯ ಜೀನ್ ಅಲ್ಲ, ವಾತಾವರಣ ಅಂತ ನನಗೆ ಅನ್ನಿಸುತ್ತದೆ. 4ಬಿ ಮೇಲೆ ಗಿಡ್ಡತನದ ಜೀನ್ ಆರ್‌ಎಚ್‌ಟಿ-ಬಿ1 ಇದೆ. ಪೂರ್ತಿ ನೀರು, ಗೊಬ್ಬರ ಕೊಟ್ಟ ವರ್ಷ ಎತ್ತರದ ಸಾಲುಗಳು ನೆಲಕ್ಕೆ ಬಿದ್ದಿರುತ್ತವೆ. ಬಿದ್ದ ಬೆಳೆಯಲ್ಲಿ ಕಾಳು ತುಂಬುವುದಿಲ್ಲ. ಆ ವರ್ಷ 4ಬಿ ಇಳುವರಿಯಲ್ಲಿ ಕಾಣಿಸಿಕೊಂಡಿತು. ಮುಂದಿನ ವರ್ಷ ಬಿತ್ತನೆ ತಡ. ಫೆಬ್ರವರಿ ಮುಗಿಯುವ ಹೊತ್ತಿಗೆ ನಮ್ಮ ಕಡೆ ಬಿಸಿಲು ಏರುತ್ತದೆ, ಕಾಳು ತುಂಬುವ ಸಮಯಕ್ಕೆ ಸರಿಯಾಗಿ. ಆಗ ಬೇಗ ಹೂ ಬಿಟ್ಟ ಸಾಲು ಬದುಕಿತು, ತಡವಾದದ್ದು ಸೊರಗಿತು. 2ಡಿ ಮೇಲೆ ಪಿಪಿಡಿ-ಡಿ1 ಇದೆ, ದಿನದ ಉದ್ದ ನೋಡಿ ಹೂ ಬಿಡಿಸುವ ಜೀನ್. ಎರಡನೇ ವರ್ಷದ ಹೂ ಬಿಟ್ಟ ದಿನಕ್ಕೂ ಇದೇ 2ಡಿ ಜಾಗ ಬರುತ್ತಾ ನೋಡು.

ಪಿಪಿಡಿ-ಡಿ1 ಪರೀಕ್ಷೆ ತುಂಬಾ ಸುಲಭ. ದಿನದ ಉದ್ದಕ್ಕೆ ಕಾಯದ ರೂಪದಲ್ಲಿ ಜೀನಿನ ಮುಂಭಾಗದ 2089 ಡಿಎನ್‌ಎ ಅಕ್ಷರ ಬಿಟ್ಟುಹೋಗಿವೆ. 2007ರಲ್ಲಿ ಪ್ರಕಟವಾದ ಪ್ರೈಮರ್‌ಗಳಿವೆ, ಅಂದರೆ ಪಿಸಿಆರ್ ಪರೀಕ್ಷೆಯಲ್ಲಿ ಆ ಜಾಗದ ಡಿಎನ್‌ಎ ಮಾತ್ರ ನಕಲಾಗುವಂತೆ ಮಾಡುವ ಚಿಕ್ಕ ತುಂಡುಗಳು. ನಕಲಾದ ತುಂಡುಗಳನ್ನು ಉದ್ದಕ್ಕೆ ತಕ್ಕಂತೆ ಬೇರ್ಪಡಿಸಲು ಮಾಮೂಲಿ ಅಗರೋಸ್ ಜೆಲ್ ಸಾಕು. 288 ಬೇಸ್ ಜೋಡಿ (ಡಿಎನ್‌ಎ ಉದ್ದದ ಅಳತೆ) ಉದ್ದದ ಬ್ಯಾಂಡ್, ಅಂದರೆ ಪಟ್ಟಿ ಬಂದರೆ ದಿನದ ಉದ್ದಕ್ಕೆ ಕಾಯದ ರೂಪ, 414 ಬಂದರೆ ಕಾಯುವ ರೂಪ.

ಹಿಂಗಾರಿ_ತೆನೆ:

ಸರ್, ಹೂ ಬಿಟ್ಟ ದಿನದ ಫೈಲ್ ಈಗಲೇ ತೆಗೆದು ನೋಡಿದೆ. 2ಡಿ ಮೇಲೆ ಅದೇ ಮಾರ್ಕರ್ ಹತ್ತಿರ ದೊಡ್ಡ ಶಿಖರ ಇದೆ! ಎರಡು ಪೋಷಕರಿಗೆ ಮೊದಲು ಆ ಪಿಸಿಆರ್ ಮಾಡುತ್ತೇನೆ.

ಕಾಳುತೂಕ:

ಹಾಗಾದರೆ ಅದು ಇಳುವರಿಯ ವಿಷಯದಲ್ಲಿ ನಿನಗೆ ಸಿಕ್ಕ ಒಳ್ಳೆಯ ಉತ್ತರವೇ. ತಡವಾಗಿ ಬಿತ್ತಿದಾಗ ಇಳುವರಿ ಉಳಿಸುವುದು ಬೇಗ ಹೂ ಬಿಡುವ ಗುಣ ಅಂತ ಧೈರ್ಯವಾಗಿ ಬರೆ.

ಟಿಎ-ಜಿಡಬ್ಲ್ಯು2 ಬಗ್ಗೆ ಕೇಳಿದ್ದೆ. ಅದು 6ಎ ಮೇಲೆ ಇರುವುದು ನಿಜ. ಮೊದಲು ಗೊತ್ತಾದದ್ದು ಭತ್ತದಲ್ಲಿ, 2007ರಲ್ಲಿ. ಅದು ಕಾಳಿನ ಅಗಲಕ್ಕೆ ಕಡಿವಾಣ ಹಾಕುವ ಜೀನ್. ಗೋಧಿಯಲ್ಲಿ ಇದರ ಕಥೆ ಸರಳವಾಗಿ ಸಾಗಲಿಲ್ಲ. 2012ರ ಒಂದು ಪ್ರಯೋಗದಲ್ಲಿ ಈ ಜೀನಿನ ಕೆಲಸ ತಗ್ಗಿಸಿದಾಗ ಕಾಳು ಸಣ್ಣದಾಯಿತು. ಆಮೇಲೆ ಬೇರೆಯವರು ಮಾಡಿದಾಗ ದಪ್ಪವಾಯಿತು. 2016ರಲ್ಲಿ ಇಂಗ್ಲೆಂಡಿನ ಜಾನ್ ಇನ್ನೆಸ್ ಸೆಂಟರ್‌ನವರು ಈ ಜೀನಿನ 6ಎ ಮೇಲಿನ ಪ್ರತಿಯನ್ನು ಮಾತ್ರ ಕೆಡಿಸಿದ ಗೋಧಿ ಬೆಳೆದು ತೋರಿಸಿದರು. ಸಾವಿರ ಕಾಳಿನ ತೂಕ ಸರಾಸರಿ ಶೇ 6.6 ಹೆಚ್ಚಾಗಿತ್ತು, ಚಪಾತಿ ಗೋಧಿಯಲ್ಲೂ ಡ್ಯೂರಮ್ ಅನ್ನುವ ಇನ್ನೊಂದು ಜಾತಿಯ ಗೋಧಿಯಲ್ಲೂ. ಆದರೆ ನಿನ್ನ ಕ್ಯೂಟಿಎಲ್ ಹರಡಿರುವ ಜಾಗದಲ್ಲಿ ನೂರಾರು ಜೀನ್‌ಗಳಿರುತ್ತವೆ. 128 ಸಾಲಿನಿಂದ ಒಂದೇ ಜೀನಿಗೆ ಬೆರಳು ತೋರಿಸಲು ಆಗುವುದಿಲ್ಲ. "ಆ ಪ್ರದೇಶದಲ್ಲಿ ಈ ಜೀನ್ ಕೂಡ ಇದೆ" ಅಂತ ಬರೆದು ಬಿಡು.

ಅಂಕಿಲೆಕ್ಕ ಬರೆದದ್ದು:

ಇನ್ನೊಂದು ಮಾತು ಸೇರಿಸುತ್ತೇನೆ. 128 ಸಾಲು ಎತ್ತರಕ್ಕೆ ಸಾಕು, ಇಳುವರಿಗೆ ಸಾಲದು. ಎತ್ತರದಲ್ಲಿ ಒಂದೇ ಜೀನ್ ದೊಡ್ಡ ಪಾಲು ಹೊತ್ತಿರುತ್ತದೆ. ಇಳುವರಿಯಲ್ಲಿ ಹತ್ತಾರು ಜೀನ್‌ಗಳು ಒಂದೊಂದು ಚೂರು ಹೊರುತ್ತವೆ.

ಬೀವಿಸ್ ಅನ್ನುವವರು 1990ರ ದಶಕದಲ್ಲೇ ಕಂಪ್ಯೂಟರಿನಲ್ಲಿ ಕೃತಕ ಸಂತತಿ ಮಾಡಿ ಇದನ್ನು ತೋರಿಸಿದ್ದಾರೆ. ಸುಮಾರು 100 ಸಾಲಿನ ಸಂತತಿಯಲ್ಲಿ ಸಿಕ್ಕ ಕ್ಯೂಟಿಎಲ್‌ನ ಪ್ರಭಾವ ನಿಜಕ್ಕಿಂತ ಎಷ್ಟೋ ಪಟ್ಟು ದೊಡ್ಡದಾಗಿ ಕಾಣುತ್ತದೆ. 500ಕ್ಕೆ ಹೋದರೆ ಸ್ವಲ್ಪ ಮಾತ್ರ ಹೆಚ್ಚು. 1000ಕ್ಕೆ ಹೋದರೆ ನಿಜಕ್ಕೆ ಹತ್ತಿರ. ಕಾರಣ ಸರಳ. ಸಣ್ಣ ಪ್ರಭಾವದ ಜೀನ್ ಆ ಸಂತತಿಯಲ್ಲಿ ಅದೃಷ್ಟದಿಂದ ದೊಡ್ಡದಾಗಿ ಕಂಡಾಗ ಮಾತ್ರ ನಾವು ಹಾಕಿಕೊಂಡ ಅಂಕಿಅಂಶದ ಗಡಿ ದಾಟುತ್ತದೆ. ದಾಟಿದ್ದನ್ನಷ್ಟೇ ನಾವು ಪ್ರಕಟಿಸುತ್ತೇವೆ. ಆಮೇಲೆ ಇನ್ನೊಬ್ಬರು ಅದನ್ನು ನಂಬಿ ಮಾರ್ಕರ್ ಬಳಸಿದಾಗ ಕೈಗೆ ಏನೂ ಬರುವುದಿಲ್ಲ.

ನಿಮ್ಮ ಡೇಟಾದಲ್ಲಿ ಒಂದು ಕೆಲಸ ಮಾಡಿ. ಎತ್ತರದ ಜೀನ್ ಯಾವ ರೂಪ ಇದೆ ಅನ್ನುವುದರ ಮೇಲೆ ಸಾಲುಗಳನ್ನು ಎರಡು ಗುಂಪು ಮಾಡಿ, ಗಿಡ್ಡ ಗುಂಪಿನೊಳಗೆ ಮಾತ್ರ ಇಳುವರಿ ನೋಡಿ. ಹೂ ಬಿಟ್ಟ ದಿನವನ್ನು ಕೋವೇರಿಯೇಟ್ ಆಗಿ ಇಡಿ, ಅಂದರೆ ಅದರ ಪ್ರಭಾವವನ್ನು ಲೆಕ್ಕದಲ್ಲಿ ಕಳೆದು ನೋಡಿ. ಆಮೇಲೂ ಉಳಿಯುವುದೇನಾದರೂ ಇದ್ದರೆ ಅದರ ಬಗ್ಗೆ ಮಾತಾಡೋಣ. ಮತ್ತೆ, ಪ್ಲಾಟ್ ಎಷ್ಟು ದೊಡ್ಡದಿತ್ತು? ಎಷ್ಟು ರೆಪ್ಲಿಕೇಶನ್, ಅಂದರೆ ಒಂದೊಂದನ್ನು ಎಷ್ಟು ಕಡೆ ಬಿತ್ತಿದ್ದಿರಿ?

ಹಿಂಗಾರಿ_ತೆನೆ:

ಎರಡು ರೆಪ್ಲಿಕೇಶನ್. ಒಂದೊಂದು ಆರ್‌ಐಎಲ್‌ಗೆ ಎರಡು ಮೀಟರ್ ಉದ್ದದ ಎರಡು ಬಿತ್ತನೆ ಸಾಲು ಅಷ್ಟೇ, ಬೀಜ ಕಡಿಮೆ ಇತ್ತು.

ಅಂಕಿಲೆಕ್ಕ:

ಅಷ್ಟು ಸಣ್ಣ ಪ್ಲಾಟಿನಲ್ಲಿ ಇಳುವರಿ ಅಳೆದರೆ ಪಕ್ಕದ ಸಾಲಿನ ಪ್ರಭಾವವೇ ದೊಡ್ಡದು. ಎತ್ತರದ ಸಾಲು ಪಕ್ಕದ ಗಿಡ್ಡ ಸಾಲಿನ ಬಿಸಿಲು ತಿನ್ನುತ್ತದೆ. ಸಾವಿರ ಕಾಳಿನ ತೂಕಕ್ಕೆ ಈ ತೊಂದರೆ ಕಡಿಮೆ. ಅದಕ್ಕೇ ಅದು ಎರಡೂ ವರ್ಷ ಅದೇ ಜಾಗದಲ್ಲಿ ನಿಂತಿದೆ. ಈಗ ಬೀಜ ಹೆಚ್ಚಿರಬೇಕಲ್ಲ, ಈ ಸಲ ಆರು ಸಾಲಿನ ಪ್ಲಾಟ್ ಹಾಕಿ, ನಡುವಿನ ನಾಲ್ಕನ್ನು ಮಾತ್ರ ಕೊಯ್ದು ತೂಗಿ. ಎಲ್ಲ 128 ಬೇಡ, ಆರಿಸಿದ 40 ಸಾಕು.

ಎರೆಭೂಮಿ_ರೈತ ಬರೆದದ್ದು:

ನಾನು ರೈತ. ನವಲಗುಂದ ತಾಲ್ಲೂಕು, ಎರೆ ಹೊಲ, ನೀರಾವರಿ ಇಲ್ಲ. ಕಡಲೆ ಜೊತೆ ಸ್ವಲ್ಪ ಗೋಧಿ ಹಾಕುತ್ತೇವೆ. ನೀವು ಹೇಳುವುದು ಅರ್ಧ ತಿಳಿಯಿತು, ಅರ್ಧ ಇಲ್ಲ. ತಂಗಿ, ಈ ಮಾರ್ಕರ್ ಅಂದರೆ ಏನು? ನಮಗೆ ಇದರಿಂದ ಏನು ಸಿಗುತ್ತದೆ?

ನಮ್ಮ ತೊಂದರೆ ಹೇಳುತ್ತೇನೆ. ಹಿಂಗಾರಿ ಮಳೆ ನಿಂತ ಮೇಲೆ ಮೇಲ್ಮಣ್ಣು ಬೇಗ ಒಣಗುತ್ತದೆ. ಹಸಿ ಕೆಳಗಿರುತ್ತದೆ. ಕೂರಿಗೆ ಆಳಕ್ಕೆ ಬಿಟ್ಟರೆ ಗಿಡ್ಡ ಜಾತಿ ಮೇಲೆ ಬರುವುದಿಲ್ಲ, ಅರ್ಧ ಮೊಳಕೆ ಮಣ್ಣಲ್ಲೇ ಕೊಳೆಯುತ್ತದೆ. ಮೇಲೆ ಬಿತ್ತಿದರೆ ಹಸಿ ಸಿಗುವುದಿಲ್ಲ. ನಮ್ಮ ಅಪ್ಪನ ಕಾಲದ ಬಿಜಗಾ ಯಲ್ಲೋ ಎಷ್ಟು ಆಳದಿಂದಲೂ ಏಳುತ್ತಿತ್ತು. ಆದರೆ ಮಳೆ ಚೆನ್ನಾಗಿ ಬಿದ್ದ ವರ್ಷ ಅದು ಮಲಗಿಬಿಡುತ್ತಿತ್ತು. ಸಾಲಲ್ಲಿ ಗಿಡವೇ ಇಲ್ಲದ ಮೇಲೆ ಇಳುವರಿ ಎಲ್ಲಿಂದ ಬರಬೇಕು?

ಪುಣೆಯ_ಕನ್ನಡಿಗ ಬರೆದದ್ದು:

ಅಣ್ಣಾವ್ರೇ, ಈ ಚರ್ಚೆಯಲ್ಲಿ ಬರಬೇಕಾಗಿದ್ದ ಮಾತನ್ನೇ ನೀವು ತಂದಿರಿ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಮೊದಲು ಮಾರ್ಕರ್ ಅಂದರೇನು. ಊರಲ್ಲಿ ಒಂದು ಮನೆ ಹುಡುಕುವವರಿಗೆ "ದೊಡ್ಡ ಬೇವಿನ ಮರದ ಪಕ್ಕ" ಅಂತ ಹೇಳುತ್ತೇವಲ್ಲ, ಆ ಮರವೇ ಮಾರ್ಕರ್. ಮನೆ ಅಂದರೆ ನಮಗೆ ಬೇಕಾದ ಜೀನ್. ಎಳೆ ಸಸಿಯ ಒಂದು ಚೂರು ಎಲೆ ಕಿತ್ತು ಡಿಎನ್‌ಎ ತೆಗೆದು ಆ ಗುರುತು ಇದೆಯಾ ಅಂತ ನೋಡುತ್ತಾರೆ. ಬೆಳೆ ಕೊಯ್ಲಿಗೆ ಬರುವ ತನಕ ಕಾಯಬೇಕಿಲ್ಲ. ಸಾವಿರ ಸಸಿಯಲ್ಲಿ ಬೇಡದ್ದನ್ನು ಮೊದಲೇ ಕಿತ್ತು ಹಾಕಬಹುದು.

ಈಗ ನಿಮ್ಮ ಗಿಡ್ಡ ಗೋಧಿ. ಅದರ ಮೂಲ ಜಪಾನಿನ ನೋರಿನ್ 10 ಅನ್ನುವ ತಳಿ, 1935ರದ್ದು. ಎರಡನೇ ಮಹಾಯುದ್ಧ ಮುಗಿದ ಮೇಲೆ 1946ರಲ್ಲಿ ಅದರ ಬೀಜ ಅಮೆರಿಕಕ್ಕೆ ಹೋಯಿತು. ವಾಷಿಂಗ್ಟನ್ ರಾಜ್ಯದಲ್ಲಿ ಆರ್ವಿಲ್ ವೋಗೆಲ್ ಅದನ್ನು ಸಂಕರಕ್ಕೆ ಬಳಸಿದರು. ಅವರಿಂದ ಮೆಕ್ಸಿಕೊದಲ್ಲಿದ್ದ ನಾರ್ಮನ್ ಬೋರ್ಲಾಗ್ ಅವರಿಗೆ ಸಿಕ್ಕಿತು. 1966ರಲ್ಲಿ ಭಾರತ ಮೆಕ್ಸಿಕೊದಿಂದ 18,000 ಟನ್ ಬಿತ್ತನೆ ಬೀಜ ತರಿಸಿತು. ಹಸಿರು ಕ್ರಾಂತಿ ಅನ್ನುತ್ತೇವಲ್ಲ, ಅದು ನಿಂತಿದ್ದು ಈ ಗಿಡ್ಡ ಜೀನ್‌ಗಳ ಮೇಲೆ. ನೀರು, ಗೊಬ್ಬರ ಎಷ್ಟು ಕೊಟ್ಟರೂ ಗಿಡ ಬೀಳಲಿಲ್ಲ, ಬಲವೆಲ್ಲ ಕಾಳಿಗೆ ಹೋಯಿತು.

ಆ ಜೀನ್‌ಗಳು ಹೇಗೆ ಕೆಲಸ ಮಾಡುತ್ತವೆ ಅಂತ 1999ರಲ್ಲಿ ಗೊತ್ತಾಯಿತು. ಗಿಡದಲ್ಲಿ ಜಿಬ್ಬರೆಲಿನ್ ಅನ್ನುವ ಬೆಳವಣಿಗೆಯ ಹಾರ್ಮೋನ್ ಇದೆ. ಡಿಎನ್‌ಎಯ ಒಂದೇ ಒಂದು ಅಕ್ಷರ ಬದಲಾಗಿ, ಆರ್‌ಎಚ್‌ಟಿ-ಬಿ1ಬಿ ಮತ್ತು ಡಿ1ಬಿ ಇರುವ ಗಿಡ ಆ ಹಾರ್ಮೋನಿನ ಮಾತು ಸರಿಯಾಗಿ ಕೇಳುವುದಿಲ್ಲ. ಹಾರ್ಮೋನ್ ಇದ್ದರೂ ಉದ್ದವಾಗುವುದಿಲ್ಲ. ತೊಂದರೆ ಏನೆಂದರೆ ಕಾಂಡ ಮಾತ್ರ ಅಲ್ಲ, ಮೊಳಕೆಯೂ ಮಾತು ಕೇಳುವುದಿಲ್ಲ. ಮಣ್ಣೊಳಗಿಂದ ಎಳೆ ಎಲೆಯನ್ನು ಕಾಪಾಡಿಕೊಂಡು ಮೇಲೆ ತರುವ ಒಂದು ಕವಚ ಇದೆ, ಕೋಲಿಯೊಪ್ಟೈಲ್ ಅಂತ. ಅದು ಗಿಡ್ಡವಾಗುತ್ತದೆ. ಬಿತ್ತನೆಯ ಆಳ ಅದಕ್ಕಿಂತ ಹೆಚ್ಚಾದರೆ ಎಳೆ ಎಲೆ ಮಣ್ಣೊಳಗೇ ಬಿಚ್ಚಿಕೊಂಡು ಮುದುರಿ ಸಾಯುತ್ತದೆ. ನೀವು ನೋಡಿದ್ದು ಇದನ್ನೇ.

ಇದಕ್ಕೆ ದಾರಿ ಇದೆ. ಇಟಲಿಯಲ್ಲಿ ನ್ಯೂಟ್ರಾನ್ ವಿಕಿರಣ ಕೊಟ್ಟು ಮಾಡಿದ ಎರಡು ಗಿಡ್ಡ ಡ್ಯೂರಮ್ ತಳಿಗಳಿವೆ, ಇಕಾರೊ ಮತ್ತು ಕಾಸ್ಟೆಲ್‌ಪೊರ್ಝಿಯಾನೊ. ಇಕಾರೊದಲ್ಲಿ ಆರ್‌ಎಚ್‌ಟಿ18, ಇನ್ನೊಂದರಲ್ಲಿ ಆರ್‌ಎಚ್‌ಟಿ14. ಎರಡೂ 6ಎ ಕ್ರೋಮೋಸೋಮಿನಲ್ಲಿವೆ. ಇವು ಕಾಂಡವನ್ನು ಗಿಡ್ಡ ಮಾಡುತ್ತವೆ, ಆದರೆ ಹಾರ್ಮೋನಿನ ಮಾತು ಕೇಳುವ ಶಕ್ತಿ ಉಳಿದಿರುತ್ತದೆ. ಆರ್‌ಎಚ್‌ಟಿ18 ಇರುವ ಗಿಡದಲ್ಲಿ ಹಾರ್ಮೋನನ್ನು ಒಡೆಯುವ ಕಿಣ್ವ ಜಾಸ್ತಿ ತಯಾರಾಗುತ್ತದೆ ಅಂತ 2018ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದರು. ಮೊಳಕೆಯ ಕವಚ ಮಾತ್ರ ಉದ್ದವೇ ಇರುತ್ತದೆ.

ನಿಮಗೆ ಖುಷಿಯಾಗುವ ಮಾತು ಈಗ. ಪುಣೆಯ ಆಘಾರ್ಕರ್ ಸಂಶೋಧನಾ ಸಂಸ್ಥೆಯವರು ಈ ಜೀನ್‌ಗಳಿಗೆ ಮಾರ್ಕರ್ ಹುಡುಕಿದ್ದಾರೆ. ಅದಕ್ಕಾಗಿ ಇಕಾರೊವನ್ನು ಸಂಕರ ಮಾಡಿದ ಎತ್ತರದ ತಳಿ ಯಾವುದು ಗೊತ್ತಾ? ನಿಮ್ಮ ಅಪ್ಪನ ಕಾಲದ ಬಿಜಗಾ ಯಲ್ಲೋ.

ಎರೆಭೂಮಿ_ರೈತ:

ಇದನ್ನು ಓದಿ ಮನೆಯಲ್ಲಿ ಎಲ್ಲರಿಗೂ ಹೇಳಿದೆ. ಬಿಜಗಾ ಇನ್ನೂ ಕೆಲಸಕ್ಕೆ ಬರುತ್ತಿದೆ ಅಂದರೆ ಸಂತೋಷ. ಅದರ ಶ್ಯಾವಿಗೆ ರುಚಿ ಬೇರೆಯೇ.

ಕಾಳುತೂಕ:

ಹಿಂಗಾರಿ_ತೆನೆ, ಇದನ್ನು ಓದಿ ನಿನ್ನ 6ಎ ಬಗ್ಗೆ ಇನ್ನೊಮ್ಮೆ ಯೋಚಿಸು. ಚಪಾತಿ ಗೋಧಿಯಲ್ಲೂ 6ಎ ಮೇಲೆ ಆರ್‌ಎಚ್‌ಟಿ24 ಅನ್ನುವ ಗಿಡ್ಡತನದ ಜೀನ್ ಇದೆ, ಪ್ರಪಂಚದ ಎಷ್ಟೋ ತಳಿಗಳಲ್ಲಿ ಸಿಗುತ್ತದೆ. ನಿನ್ನ ತೂಕದ ಕ್ಯೂಟಿಎಲ್ ಜಾಗದಲ್ಲಿ ಎತ್ತರದ ಸಣ್ಣ ಪ್ರಭಾವವೂ ಇದೆಯಾ ನೋಡು.

ಇನ್ನೊಂದು ವಿಷಯ. ಬೇವಿನ ಮರದ ಮಾತು ಬಂತಲ್ಲ, ಆ ಮರವನ್ನು ನಂಬಿ ದಾರಿ ತಪ್ಪಿದ ನಿಜವಾದ ಉದಾಹರಣೆ ಇದೆ. ಎಲ್ಲ ವಿದ್ಯಾರ್ಥಿಗಳೂ ತಿಳಿದಿರಬೇಕು. 2ಡಿ ಮೇಲೆ ಆರ್‌ಎಚ್‌ಟಿ8 ಅನ್ನುವ ಇನ್ನೊಂದು ಗಿಡ್ಡತನದ ಜೀನ್ ಇದೆ. ಜಪಾನಿನ ಅಕಾಕೊಮುಗಿ ತಳಿಯಿಂದ ಇಟಲಿಗೆ ಹೋಗಿ ದಕ್ಷಿಣ ಯುರೋಪಿನಲ್ಲೆಲ್ಲ ಹರಡಿತು. 1998ರಲ್ಲಿ ಅದರ ಪಕ್ಕದಲ್ಲೇ ಜಿಡಬ್ಲ್ಯುಎಂ261 ಅನ್ನುವ ಎಸ್‌ಎಸ್‌ಆರ್ ಸಿಕ್ಕಿತು. 192 ಬೇಸ್ ಜೋಡಿಯ ಬ್ಯಾಂಡ್ ಬಂದರೆ ಆರ್‌ಎಚ್‌ಟಿ8 ಇದೆ ಅಂತ ಪ್ರಪಂಚದ ಎಲ್ಲೆಡೆ ತಳಿಗಳನ್ನು ಎಣಿಸಿದರು. 2007ರಲ್ಲಿ ಆಸ್ಟ್ರೇಲಿಯಾದವರು ಪರೀಕ್ಷಿಸಿದಾಗ ನೋರಿನ್ 10ರಲ್ಲೂ ಅದೇ 192 ಬ್ಯಾಂಡ್ ಇತ್ತು, ಆದರೆ ಆರ್‌ಎಚ್‌ಟಿ8 ಇರಲಿಲ್ಲ. ನೋರಿನ್ 10ರ ರಕ್ತ ಇಂದಿನ ಬಹುಪಾಲು ಗಿಡ್ಡ ಗೋಧಿಯಲ್ಲಿದೆ. ಅಂದರೆ ಎಷ್ಟು ತಳಿಗಳಿಗೆ ಸುಳ್ಳು ಗುರುತು ಬಿದ್ದಿರಬೇಕು!

ಆರ್‌ಎಚ್‌ಟಿ-ಬಿ1ಬಿ ಮಾರ್ಕರ್‌ಗೆ ಈ ಭಯವಿಲ್ಲ. ಅದು ಜೀನಿನೊಳಗಿನ ಆ ಬದಲಾದ ಅಕ್ಷರವನ್ನೇ ಓದುತ್ತದೆ. 2002ರಲ್ಲೇ ಆ ಪ್ರೈಮರ್‌ಗಳು ಪ್ರಕಟವಾದವು. ನಿನ್ನ 4ಬಿ ಗೆ ಪಕ್ಕದ ಎಸ್‌ಎಸ್‌ಆರ್ ಬಿಟ್ಟು ಇದನ್ನೇ ಹಾಕು.

ಹೊಸಬ_ಬಯೋಟೆಕ್ ಬರೆದದ್ದು:

ನಡುವೆ ಬಂದೆ, ಕ್ಷಮಿಸಿ. ಗೋಧಿಯ ಜೀನೋಮ್ ಪೂರ್ತಿ ಓದಿ ಆಯಿತಲ್ಲ? ಆದರೂ ಯಾವ ಜೀನ್ ಅಂತ ಹೇಳುವುದು ಇಷ್ಟು ಕಷ್ಟ ಯಾಕೆ? ಮತ್ತೆ ಈಗ ಜೀನೋಮಿಕ್ ಸೆಲೆಕ್ಷನ್ ಇರುವಾಗ ಒಂದೊಂದೇ ಕ್ಯೂಟಿಎಲ್ ಹುಡುಕುವುದು ಹಳೆ ಕಾಲದ ಕೆಲಸ ಅಲ್ವಾ?

ಅಂಕಿಲೆಕ್ಕ:

ಚೈನೀಸ್ ಸ್ಪ್ರಿಂಗ್ ಅನ್ನುವ ತಳಿಯ ಜೀನೋಮ್ 2018ರಲ್ಲಿ ಪ್ರಕಟವಾಯಿತು. ಅದು ಅಂತರರಾಷ್ಟ್ರೀಯ ಕೆಲಸ, 2ಎ ಕ್ರೋಮೋಸೋಮಿನ ಹೊಣೆ ಭಾರತದ್ದಾಗಿತ್ತು. ಲುಧಿಯಾನದ ಕೃಷಿ ವಿಶ್ವವಿದ್ಯಾಲಯ ಮತ್ತು ದೆಹಲಿಯ ಎರಡು ಸಂಸ್ಥೆಗಳು ಸೇರಿ ಮಾಡಿದವು. ಗೋಧಿ ಜೀನೋಮ್ ಸುಮಾರು 16 ಶತಕೋಟಿ ಅಕ್ಷರ, ಭತ್ತದ್ದಕ್ಕಿಂತ ಸುಮಾರು 40 ಪಟ್ಟು. ಅದರಲ್ಲಿ ಶೇ 85ರಷ್ಟು ಮತ್ತೆ ಮತ್ತೆ ಬರುವ ಭಾಗ. ಜೀನ್‌ಗಳು 1,07,891 ಅಂತ ಎಣಿಸಿದರು. ಚಪಾತಿ ಗೋಧಿಯಲ್ಲಿ ಎ, ಬಿ, ಡಿ ಅಂತ ಮೂರು ಜೀನೋಮ್, ಒಟ್ಟು 42 ಕ್ರೋಮೋಸೋಮ್. ಹೆಚ್ಚಿನ ಜೀನ್‌ಗಳು ಮೂರು ಪ್ರತಿಯಲ್ಲಿವೆ. ಒಂದು ಪ್ರತಿ ಕೆಟ್ಟರೆ ಇನ್ನೆರಡು ಕೆಲಸ ಮುಂದುವರಿಸುತ್ತವೆ, ಹೊಲದಲ್ಲಿ ಬದಲಾವಣೆ ಎಷ್ಟೋ ಸಲ ಕಾಣುವುದೇ ಇಲ್ಲ. ಡ್ಯೂರಮ್ ಮತ್ತು ನಮ್ಮ ಜವೆ ಗೋಧಿಯಲ್ಲಿ ಎ, ಬಿ ಮಾತ್ರ, 28 ಕ್ರೋಮೋಸೋಮ್.

ಜೀನೋಮಿಕ್ ಸೆಲೆಕ್ಷನ್ ವಿಚಾರದಲ್ಲಿ ನಾನು ನಿಮ್ಮ ಪರ. 2001ರಲ್ಲಿ ಮ್ಯೂವಿಸೆನ್ ಮತ್ತು ಜೊತೆಗಾರರು ಹೇಳಿದ್ದು ಇದನ್ನೇ. ಯಾವ ಮಾರ್ಕರ್ ಮುಖ್ಯ ಅಂತ ಆರಿಸಬೇಡಿ, ಸಾವಿರಾರು ಮಾರ್ಕರ್‌ಗಳ ಚೂರುಪಾರು ಪ್ರಭಾವವನ್ನೆಲ್ಲ ಕೂಡಿಸಿ ಸಾಲಿನ ಬೆಲೆ ಕಟ್ಟಿ. ಇಳುವರಿಯಂಥ ಗುಣಕ್ಕೆ ಅದೇ ಸರಿಯಾದ ದಾರಿ.

ಕಾಳುತೂಕ:

ನಾನು ಅರ್ಧ ಒಪ್ಪುತ್ತೇನೆ. ಇಳುವರಿಯ ಮೊತ್ತಕ್ಕೆ ಜೀನೋಮಿಕ್ ಸೆಲೆಕ್ಷನ್ ಸರಿ. ಆದರೆ ಅದಕ್ಕೂ ಕಲಿಸುವುದು ಹೊಲದ ಅಳತೆಯೇ. ಲುಧಿಯಾನದ ನೀರಾವರಿ ಪ್ಲಾಟಿನ ಅಳತೆಯಿಂದ ಕಲಿಸಿದ ಲೆಕ್ಕ ನವಲಗುಂದದ ಎರೆ ಹೊಲಕ್ಕೆ ಸಾಲು ಆರಿಸಿದರೆ ಮತ್ತೆ ಗಿಡ್ಡ ಮೊಳಕೆಯವನ್ನೇ ಆರಿಸುತ್ತದೆ. ಮೇಲಿನ ರೈತರು ಹೇಳಿದ್ದು ಆ ಲೆಕ್ಕದಲ್ಲಿ ಎಲ್ಲಿ ಸೇರುತ್ತದೆ? ಯಾರೂ ಅಲ್ಲಿ ಬಿತ್ತನೆ ಆಳ ಬದಲಿಸಿ ಅಳೆದಿರುವುದಿಲ್ಲ.

ಒಂದೊಂದೇ ಜೀನಿನ ಮಾರ್ಕರ್ ಹಳೆಯದಾಗಿಲ್ಲ. ಪಿಬಿಡಬ್ಲ್ಯು 343 ಉತ್ತರ ಭಾರತದಲ್ಲಿ ಒಂದು ಕಾಲಕ್ಕೆ ಎಲ್ಲೆಲ್ಲೂ ಇತ್ತು. ತುಕ್ಕು ರೋಗಕ್ಕೆ ತುತ್ತಾಗಿ ಹಿಂದೆ ಬಿತ್ತು. ಲುಧಿಯಾನದಲ್ಲಿ ಮಾರ್ಕರ್ ನೋಡಿಕೊಂಡು ರೋಗ ನಿರೋಧಕ ಜೀನ್‌ಗಳನ್ನು ಸೇರಿಸಿ ಮತ್ತೆ ಮತ್ತೆ ಅದೇ ತಳಿಗೆ ಸಂಕರ ಮಾಡಿ 2017ರಲ್ಲಿ ಉನ್ನತ್ ಪಿಬಿಡಬ್ಲ್ಯು 343 ಬಿಡುಗಡೆ ಮಾಡಿದರು. ರೋಗಕ್ಕೆ ಹೋಗುತ್ತಿದ್ದ ಇಳುವರಿ ಉಳಿಯಿತು. ಅದೂ ಇಳುವರಿಯೇ.

ಹಿಂಗಾರಿ_ತೆನೆ:

ಪಿಸಿಆರ್ ಆಯಿತು! ಗಿಡ್ಡ ಪೋಷಕದಲ್ಲಿ 288, ಎತ್ತರದ್ದರಲ್ಲಿ 414. ಈಗ ಎಲ್ಲ 128 ಸಾಲಿಗೂ ಹಾಕುತ್ತೇನೆ. ಆರ್‌ಎಚ್‌ಟಿ-ಬಿ1ಬಿ ಪ್ರೈಮರ್ ಆರ್ಡರ್ ಮಾಡಿದ್ದೇನೆ. ಅಧ್ಯಾಯದ ಹೆಸರು ಬದಲಿಸಲು ಗೈಡ್ ಒಪ್ಪಿದರು: "ಎರಡು ಬಿತ್ತನೆ ಕಾಲಗಳಲ್ಲಿ ಇಳುವರಿಯ ಘಟಕಗಳು."

ಕಾಕಾ, ನಿಮ್ಮ ಮಾತು ಓದಿದ ಮೇಲೆ ನನ್ನ ಸಾಲುಗಳಲ್ಲಿ ಮೊಳಕೆಯ ಕವಚದ ಉದ್ದವನ್ನೂ ಅಳೆಯಬೇಕು ಅನ್ನಿಸಿದೆ. ಲ್ಯಾಬಿನಲ್ಲಿ ಹೇಗೆ ಮಾಡುವುದು? ಯಾರಾದರೂ ಮಾಡಿದ್ದೀರಾ?

ಪುಣೆಯ_ಕನ್ನಡಿಗ:

ಸುಲಭ ಮೇಡಂ. ಒಂದೇ ಗಾತ್ರದ, ಒಂದೇ ಹೊಲದಲ್ಲಿ ಬೆಳೆದ ಬೀಜ ಆರಿಸಿ. ದಪ್ಪ ಬೀಜದ ಕವಚ ಉದ್ದ ಬರುತ್ತದೆ, ನಿಮ್ಮಲ್ಲಿ ಕಾಳಿನ ತೂಕದ ವ್ಯತ್ಯಾಸವೇ ದೊಡ್ಡದು, ಅದಕ್ಕೆ ಈ ಎಚ್ಚರ ಬೇಕು. ಒದ್ದೆ ಮಾಡಿದ ಮೊಳಕೆ ಕಾಗದದ ಮೇಲೆ ಬೀಜವನ್ನು ಸಾಲಾಗಿ ಇಟ್ಟು, ಭ್ರೂಣದ ಕಡೆ ಕೆಳಗೆ ಬರುವ ಹಾಗೆ ಸುತ್ತಿ, ನೆಟ್ಟಗೆ ನಿಲ್ಲಿಸಿ. ಪೂರ್ತಿ ಕತ್ತಲೆ ಇರಬೇಕು, ಬೆಳಕು ತಗುಲಿದರೆ ಕವಚ ಬೆಳೆಯುವುದು ನಿಲ್ಲುತ್ತದೆ. ಉಷ್ಣತೆ ಎಲ್ಲದಕ್ಕೂ ಒಂದೇ ಇರಲಿ, 20 ಡಿಗ್ರಿ ಹತ್ತಿರ. ಎಳೆ ಎಲೆ ಕವಚ ಸೀಳಿ ಹೊರಬಂದ ಮೇಲೆ, ಬೀಜದಿಂದ ಕವಚದ ತುದಿಯವರೆಗೆ ಸ್ಕೇಲಿನಲ್ಲಿ ಅಳೆಯಿರಿ. ಬಿಜಗಾ ಯಲ್ಲೋ ಬೀಜ ಸಿಕ್ಕರೆ ಹೋಲಿಕೆಗೆ ಪ್ರತಿ ಸುತ್ತಿನಲ್ಲೂ ಅದನ್ನು ಇಡಿ.

ಎರೆಭೂಮಿ_ರೈತ:

ತಂಗಿ, ಬಿಜಗಾ ಬೀಜ ನಮ್ಮ ಬೀಗರ ಮನೆಯಲ್ಲಿ ಇನ್ನೂ ಇಟ್ಟಿದ್ದಾರೆ. ಎಷ್ಟು ಬೇಕು ಹೇಳು, ಕಳಿಸುತ್ತೇನೆ. ನಿನ್ನ ಸಾಲುಗಳಲ್ಲಿ ಉದ್ದ ಮೊಳಕೆಯವು ಸಿಕ್ಕರೆ ಮುಂದಿನ ಹಿಂಗಾರಿಗೆ ನನ್ನ ಹೊಲದಲ್ಲಿ ಕೂರಿಗೆ ಆಳಕ್ಕೆ ಬಿಟ್ಟು ಬಿತ್ತಿ ನೋಡೋಣ. ಎರಡು ಗುಂಟೆ ಬಿಡುತ್ತೇನೆ.

ಅಂಕಿಲೆಕ್ಕ:

ಎರಡು ಗುಂಟೆಯಲ್ಲಿ ಎರಡು ಆಳ, ಮೂರು ರೆಪ್ಲಿಕೇಶನ್ ಕೂರುತ್ತದೆ. ಆರ್‌ಐಎಲ್ 10ಕ್ಕಿಂತ ಹೆಚ್ಚು ಬೇಡ. ಲೇಔಟ್ ನಾನು ಹಾಕಿ ಕೊಡುತ್ತೇನೆ. ಹಸಿ ಎಷ್ಟು ಆಳದಲ್ಲಿದೆ ಅನ್ನುವುದನ್ನು ಬಿತ್ತುವ ದಿನ ಬರೆದಿಟ್ಟುಕೊಳ್ಳಿ.